ಸೂಲಗಿತ್ತಿ ಊರಲ್ಲಿ ಉಳಿಯಬೇಕಾದರೆ

(ಸ್ವಸಹಾಯ ಗುಂಪುಗಳ ತಾಲ್ಲೂಕು ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ಕರೆದವರು ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತನಾಡಬೇಕೆಂದು ಕೇಳಿದ್ದರು. ನಾನು ಸೂಲಗಿತ್ತಿಯರ ಬಗ್ಗೆ, ನಮ್ಮ ಉಪಕೇಂದ್ರದ ನರ್ಸಮ್ಮಂದಿರ ಬಗ್ಗೆ ಮಾತನಾಡುತ್ತೇನೆ ಎಂದೆ. ನಿಮ್ಮ ಅಧ್ಯಕ್ಷೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಅದು ಆರೋಗ್ಯ ಇಲಾಖೆಯ ವಿಷಯ ಅಲ್ವಾ?" ಎಂದರು. ಅದು ನಮ್ಮದೇ ವಿಷಯ ಎಂದು ಹೇಳುವುದಕ್ಕೇ ಬಂದಿದ್ದೇನೆ. ಮದುವೆಯಾಗಿ ಬಂದ ಹೆಣ್ಣಿನ ಮೈಮೇಲಿನ ಬಾಸುಂಡೆಯನ್ನು ಹೊಡೆದವನನ್ನು ಬಿಟ್ಟರೆ ಮೊದಲು ನೋಡುವವರು ಯಾರು? ಅತ್ತೆ ನೋಡಿದರೂ ನೋಡದ ಹಾಗೆ ಇರುತ್ತಾಳೆ. ತಾಯಿ ದೂರದ ಊರಿನಲ್ಲಿರುತ್ತಾಳೆ. ಬಸುರಿಯ ಹೊಟ್ಟೆ ಮುಟ್ಟಿ ನೋಡಲು ಬಂದ ನರ್ಸಮ್ಮ ಸೆರಗು ಸರಿಸಿದಾಗ ಯಾವುದೂ ಮುಚ್ಚಿಡಲು ಬರುವುದಿಲ್ಲ. ಹೆರಿಗೆಯ ನೋವಿನಲ್ಲಿ ಹೆಂಗಸರು ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿಬಿಡುತ್ತಾರೆ. ಅದನ್ನು ಕೇಳಿಸಿಕೊಳ್ಳುವವಳೂ ಅವಳೇ. ಅಂಥ ಒಬ್ಬಳು ಊರಿನಲ್ಲಿ ಇದ್ದಾಳೋ ಇಲ್ಲವೋ ಎನ್ನುವುದು ಹೆಣ್ಣುಮಕ್ಕಳ ಜೀವದ ಪ್ರಶ್ನೆ.

ನಮ್ಮ ದೇಶದಲ್ಲಿ ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಡುವ ಯೋಜನೆಗಳು ಬೇಕಾದಷ್ಟು ಬಂದಿವೆ. ತರಬೇತಿ ಪಡೆದವರು ಹಳ್ಳಿಯಲ್ಲಿ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದ ಯೋಜನೆಗಳು ಕಡಿಮೆ. ಸರ್ಕಾರಕ್ಕೆ ಕಲಿಸುವುದು ಗೊತ್ತಿದೆ, ಉಳಿಸಿಕೊಳ್ಳುವುದು ಗೊತ್ತಿಲ್ಲ. ಉಳಿಸಿಕೊಳ್ಳುವ ಕೆಲಸದ ಅರ್ಧ ಭಾಗ ಊರಿನ ಹೆಂಗಸರ ಕೈಯಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ.

ಮೊದಲೇ ಒಂದು ಆಕ್ಷೇಪಣೆಗೆ ಉತ್ತರ ಹೇಳಿಬಿಡುತ್ತೇನೆ. "ಈಗ ಯಾರು ಮನೆಯಲ್ಲಿ ಹೆರುತ್ತಾರೆ? ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರಲ್ಲ" ಎಂದು ನೀವು ಕೇಳಬಹುದು. ನಿಜ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲದಲ್ಲಿ ಕರ್ನಾಟಕದ ಅರ್ಧದಷ್ಟು ಹೆರಿಗೆಗಳೂ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. 2019-21ರ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಆಮೇಲೆ ನಮ್ಮಲ್ಲಿ ಬಂದ ಮಡಿಲು ಕಿಟ್, 108 ಗಾಡಿ, ಆಶಾ ಕಾರ್ಯಕರ್ತೆಯರ ಓಡಾಟ ಇವೆಲ್ಲ ಸೇರಿ ಆದ ಕೆಲಸ ಅದು. ನಾನು ಅದನ್ನು ಕಡಿಮೆ ಎನ್ನುವುದಿಲ್ಲ.

ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ತಾಯಿ ಉಳಿದಳು ಎಂದು ಲೆಕ್ಕ ಹಾಕುವುದಕ್ಕೆ ಬರುವುದಿಲ್ಲ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19 ತಾಯಂದಿರು ಸತ್ತರೆ, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ಇಡೀ ದೇಶದ ಸರಾಸರಿ 97 ಇದ್ದಾಗ ನಮ್ಮದು 69 ಎಂದು ಸಮಾಧಾನ ಪಡಬಹುದು, ಆದರೆ ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಅದೇ 2019-21ರ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು ಮೂರು ಹೆರಿಗೆಗಳಲ್ಲಿ ಒಂದು ಹೊಟ್ಟೆ ಕೊಯ್ದು ಆದದ್ದು. ಕೊಯ್ಯಲೇಬೇಕಾದ ಸಂದರ್ಭ ಇರುತ್ತದೆ, ಅಲ್ಲಿ ಕೊಯ್ದರೆ ಜೀವ ಉಳಿಯುತ್ತದೆ. ಆದರೆ ನೋವು ತಿನ್ನುವವಳ ಪಕ್ಕದಲ್ಲಿ ಎಂಟು ಗಂಟೆ ತಾಳ್ಮೆಯಿಂದ ಕೂರುವವರು ಇಲ್ಲದ್ದಕ್ಕೂ ಕೊಯ್ಯುತ್ತಾರೆ. ಆ ಕೂರುವ ಕೆಲಸವೇ ಸೂಲಗಿತ್ತಿಯ ವಿದ್ಯೆ.

ಬರೀ ಕೂರುವುದಲ್ಲ, ನಿಜ. ಕಲಿತ ಕೈ ಏನು ಮಾಡುತ್ತದೆ ಎನ್ನುವುದನ್ನು ನೀವು ತಿಳಿದುಕೊಂಡಿರಬೇಕು, ಯಾಕೆಂದರೆ ಕೇಳಿ ಪಡೆಯುವವರು ನೀವೇ. ಹೆತ್ತ ಮೇಲೆ ರಕ್ತ ಹೋಗುವುದು ನಮ್ಮ ದೇಶದಲ್ಲಿ ತಾಯಂದಿರು ಸಾಯುವ ದೊಡ್ಡ ಕಾರಣ. ಗರ್ಭಕೋಶ ಮುದುರಿ ಗಟ್ಟಿಯಾಗದೆ ಮೆತ್ತಗೆ ಉಳಿದರೆ ಎರಡು ಗಂಟೆಯೊಳಗೆ ತಾಯಿ ಹೋಗಿಬಿಡಬಹುದು. ತಾಲ್ಲೂಕು ಆಸ್ಪತ್ರೆಗೆ ಗಾಡಿ ಬಂದು ಹೋಗುವುದಕ್ಕೇ ಅಷ್ಟು ಹೊತ್ತು ಹಿಡಿಯುವ ಊರುಗಳು ನಮ್ಮ ಮಲೆನಾಡಿನಲ್ಲಿ ಇನ್ನೂ ಇವೆ. ಮಗು ಹೊರಬಂದ ಒಂದು ನಿಮಿಷದೊಳಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ತಾಯಿಯ ತೊಡೆಗೆ ಕೊಟ್ಟು, ಮಾಸು ಪೂರ್ತಿ ಬಂತೇ ಎಂದು ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಯಿತೇ ಎಂದು ಮತ್ತೆ ಮತ್ತೆ ನೋಡುವುದು ಕಲಿತವಳ ಕೆಲಸ. ಇನ್ನೊಂದು ಗರ್ಭನಂಜು. ಕಾಲು, ಮುಖ ಊದುವುದು, ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಆಮೇಲೆ ಫಿಟ್ಸ್. ಬಿ.ಪಿ. ನೋಡುವ ಒಂದು ಪಟ್ಟಿ, ಮ್ಯಾಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ನಿನ ಮೊದಲ ಡೋಸು, ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸುವ ಬುದ್ಧಿ, ಇಷ್ಟಿದ್ದರೆ ಜೀವ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಮಗು ಹುಟ್ಟುವ ಮುಂಚೆ ನೋವು ಬೇಗ ಬರಲೆಂದು ಇದೇ ಆಕ್ಸಿಟೋಸಿನ್ನನ್ನು ಸೂಜಿಯಲ್ಲಿ ಚುಚ್ಚುವ ಖಾಸಗಿ ವೈದ್ಯರು ಹಳ್ಳಿಗಳಲ್ಲಿ ಇದ್ದಾರೆ. ಹಾಗೆ ಮಾಡಿದರೆ ಗರ್ಭಕೋಶ ಒಡೆಯಬಹುದು, ಮಗು ಉಸಿರುಕಟ್ಟಿ ಸಾಯಬಹುದು. ಒಂದೇ ಔಷಧಿ ಹೆತ್ತ ಮೇಲೆ ಪ್ರಾಣ ಉಳಿಸುತ್ತದೆ, ಹೆರುವ ಮೊದಲು ಹೀಗೆ ಚುಚ್ಚಿದರೆ ಪ್ರಾಣ ತೆಗೆಯಬಹುದು. "ನೋವಿನ ಇಂಜೆಕ್ಷನ್ ಹಾಕಿ" ಎಂದು ಮನೆಯವರೇ ದುಂಬಾಲು ಬೀಳುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡಿ.

ಹಳೆಯ ಸೂಲಗಿತ್ತಿಯರ ಮಾತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನಿಮಗೆಲ್ಲ ಗೊತ್ತು. ಓದು ಬರಹ ಇಲ್ಲದ ಆ ತಾಯಿ ಸಾವಿರಾರು ಹೆರಿಗೆಗಳನ್ನು ಕೈಯೊಡ್ಡದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ನಮಸ್ಕಾರ ಮಾಡೋಣ. ಆದರೆ ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯನ್ನು ಮನೆಯೊಳಗೆ ಹೇಗೆ ಬಿಟ್ಟುಕೊಳ್ಳುತ್ತಿದ್ದೆವು ಎನ್ನುವುದನ್ನೂ ನೆನಪಿಡೋಣ. ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಹೆಂಗಸರು. ಹೊಕ್ಕುಳಬಳ್ಳಿ ಕುಯ್ಯುವುದು ಮೈಲಿಗೆ ಕೆಲಸ, ಆದ್ದರಿಂದ ಅವರಿಗೆ. ಹೆರಿಗೆಯ ಕೋಣೆಗೆ ಹಿತ್ತಲ ಬಾಗಿಲಿನಿಂದ ಬರಬೇಕು, ಕೆಲಸ ಮುಗಿದ ಮೇಲೆ ಹಳೆಯ ಸೀರೆ, ಒಂದು ಮೊರ ಅಕ್ಕಿ ತೆಗೆದುಕೊಂಡು ಅದೇ ಬಾಗಿಲಿನಿಂದ ಹೋಗಬೇಕು. ಈಗ ಎಲ್ಲರೂ ಅವರನ್ನು ಹೊಗಳುತ್ತೇವೆ. ಅವರ ಮಗಳು, ಮೊಮ್ಮಗಳು ಈ ಕೆಲಸಕ್ಕೆ ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ.

ಅವರ ತಾಳ್ಮೆ, ಕೈಗುಣ ದೊಡ್ಡದು. ಆದರೆ ರಕ್ತ ಕಟ್ಟದೆ ಹೋದಾಗ, ಫಿಟ್ಸ್ ಬಂದಾಗ ಅವರ ಕೈಯಲ್ಲಿ ಔಷಧಿ ಇರಲಿಲ್ಲ, ಹಿಂದೆ ಗಾಡಿ ಇರಲಿಲ್ಲ. ಒಂದು ತಿಂಗಳ ತರಬೇತಿ ಕೊಟ್ಟು, ಒಂದು ಪೆಟ್ಟಿಗೆ ಕೊಟ್ಟು ಕಳಿಸಿದ ದಾಯಿ ತರಬೇತಿ ಯೋಜನೆಗಳು ತಾಯಂದಿರ ಸಾವನ್ನು ಹೆಚ್ಚು ಇಳಿಸಲಿಲ್ಲ. ಅದು ಸೂಲಗಿತ್ತಿಯರ ಅಜ್ಞಾನದಿಂದ ಆದದ್ದಲ್ಲ. ಬೆನ್ನ ಹಿಂದೆ ಆಸ್ಪತ್ರೆ ಇಲ್ಲದವಳಿಗೆ ತರಬೇತಿ ಕೊಟ್ಟು ಏನು ಪ್ರಯೋಜನ?

ಇನ್ನು ಸರ್ಕಾರದ ಸೂಲಗಿತ್ತಿ. 1946ರಲ್ಲಿ ಭೋರ್ ಸಮಿತಿಯವರು ಲೆಕ್ಕ ಹಾಕಿದಾಗ ದೇಶದಲ್ಲಿ ಅರವತ್ತು ಸಾವಿರ ಜನಕ್ಕೆ ಒಬ್ಬಳಂತೆ ಸುಮಾರು ಐದು ಸಾವಿರ ಕಲಿತ ಸೂಲಗಿತ್ತಿಯರು ಮಾತ್ರ ಇದ್ದರು. ಸ್ವಾತಂತ್ರ್ಯ ಬಂದ ಮೇಲೆ ಎ.ಎನ್.ಎಂ. ಎಂಬ ಹೊಸ ಹುದ್ದೆ ಹುಟ್ಟಿತು. ಆ ಹೆಸರಿನ ಕೊನೆಯ ಅಕ್ಷರವೇ ಮಿಡ್‌ವೈಫ್, ಅಂದರೆ ಸೂಲಗಿತ್ತಿ. ಎರಡು ವರ್ಷ ಕಲಿಯುತ್ತಿದ್ದರು, ಅದರಲ್ಲಿ ಹೆರಿಗೆ ವಿದ್ಯೆಗೆ ಮುಖ್ಯ ಸ್ಥಾನ ಇತ್ತು. ಆಮೇಲೆ 1973ರ ಕರ್ತಾರ್ ಸಿಂಗ್ ಸಮಿತಿಯವರು ಅವಳನ್ನು ಎಲ್ಲ ಕೆಲಸಕ್ಕೂ ಬರುವ ಕಾರ್ಯಕರ್ತೆಯನ್ನಾಗಿ ಮಾಡಿ ಎಂದರು. 1977ರಲ್ಲಿ ತರಬೇತಿಯನ್ನು ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಿದರು. ಕಡಿತ ಆದದ್ದು ಎಲ್ಲಿ ಗೊತ್ತೇ? ಹೆರಿಗೆ ಕಲಿಕೆಯಲ್ಲಿ.

ಆ ಹೊತ್ತಿಗೆ ಅವಳ ಮೇಲೆ ಕುಟುಂಬ ಯೋಜನೆಯ ಗುರಿ ಬಿದ್ದಿತ್ತು. ತಿಂಗಳಿಗೆ ಇಷ್ಟು ಆಪರೇಷನ್ ಕೇಸು ತರಬೇಕು, ಇಲ್ಲದಿದ್ದರೆ ಸಂಬಳ ತಡೆ. ತುರ್ತು ಪರಿಸ್ಥಿತಿಯ ಕಾಲದ ಕಥೆಗಳನ್ನು ನಿಮ್ಮ ಅತ್ತೆಯರನ್ನು ಕೇಳಿ. ನರ್ಸಮ್ಮನ ಸೀರೆ ಕಂಡರೆ ಹೆಂಗಸರು ಹೊಲದ ಕಡೆ ಓಡುತ್ತಿದ್ದರು. ಹೆರಿಗೆಗೆ ಕರೆಯಬೇಕಾದವಳನ್ನು ಕಂಡು ಓಡುವಂತೆ ಮಾಡಿದ ನೀತಿ ಅದು. 1996ರಲ್ಲಿ ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೈಬಿಟ್ಟರು. ಕಳೆದುಕೊಂಡ ನಂಬಿಕೆ ಒಂದು ಆದೇಶದಿಂದ ವಾಪಸು ಬರುತ್ತದೆಯೇ? ಆಮೇಲೆ ಲಸಿಕೆ, ಸಮೀಕ್ಷೆ, ರಿಜಿಸ್ಟರು, ಈಗ ಮೊಬೈಲಿನಲ್ಲಿ ಅಂಕಿ ತುಂಬುವುದು. ಇವತ್ತು ಕೋರ್ಸು ಮತ್ತೆ ಎರಡು ವರ್ಷಕ್ಕೆ ಬಂದಿದೆ. ನಮ್ಮ ರಾಜ್ಯದಲ್ಲಿ ಹುದ್ದೆಯ ಹೆಸರೂ ಬದಲಾಗಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದಾಗಿದೆ. ಹೆಸರಿನಿಂದ ಹೆರಿಗೆಯೇ ಹೊರಟುಹೋಯಿತು ನೋಡಿ. ಉಪಕೇಂದ್ರದಲ್ಲಿ ಹೆರಿಗೆ ಆಗುವುದು ಅಪರೂಪ. ವರ್ಷಕ್ಕೆ ಎರಡು ಹೆರಿಗೆಯನ್ನೂ ಮಾಡಿಸದ ಕೈಗೆ ಅಭ್ಯಾಸ ಎಲ್ಲಿಂದ ಉಳಿಯುತ್ತದೆ?

ಈಗ ನನಗೆ ಗೊತ್ತಿರುವ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ನನ್ನ ಕಾಲೇಜಿನಲ್ಲಿ ಪಿ.ಯು.ಸಿ. ಮುಗಿಸಿ ಎ.ಎನ್.ಎಂ. ತರಬೇತಿಗೆ ಹೋದವಳು. ದಲಿತ ಕೇರಿಯ ಹುಡುಗಿ, ಚುರುಕು. ಮಲೆನಾಡಿನ ಒಂದು ಉಪಕೇಂದ್ರಕ್ಕೆ ನೇಮಕವಾಯಿತು. ಊರಿನಿಂದ ಅರ್ಧ ಮೈಲಿ ಆಚೆ, ಗೋಮಾಳದ ಅಂಚಿನಲ್ಲಿ ಕಟ್ಟಡ. ಸರ್ಕಾರಿ ಜಾಗ ಎಲ್ಲಿ ಸಿಗುತ್ತದೋ ಅಲ್ಲಿ ಕಟ್ಟುತ್ತಾರೆ, ಒಂಟಿ ಹೆಂಗಸು ರಾತ್ರಿ ಅಲ್ಲಿ ಮಲಗಬೇಕು ಎಂದು ಯಾರೂ ಯೋಚಿಸುವುದಿಲ್ಲ. ಕ್ವಾರ್ಟರ್ಸಿನ ಬಾಗಿಲಿಗೆ ಒಳಗಿನ ಚಿಲಕ ಮುರಿದಿತ್ತು. ನೀರು ಹೊರಗಿನಿಂದ ತರಬೇಕು, ಕಕ್ಕಸು ಹಿಂದೆ ದೂರದಲ್ಲಿ. ಊರೊಳಗೆ ಬಾಡಿಗೆ ಮನೆ ಕೇಳಿದಳು. ಜಾತಿ ಕೇಳಿದ ಮೇಲೆ ಮೂರು ಮನೆಯವರು "ಮಗ ಬರುತ್ತಾನೆ, ಕೊಡಲಾಗುವುದಿಲ್ಲ" ಎಂದರು.

ನಾಲ್ಕು ತಿಂಗಳು ಇದ್ದಳು. ರಾತ್ರಿ ಹೊತ್ತು ಕುಡಿದವರು ಬಂದು "ನರ್ಸಮ್ಮ, ಹೆರಿಗೆ, ಬಾಗಿಲು ತೆಗಿ" ಎಂದು ಬಡಿಯುತ್ತಿದ್ದರು. ಬಾಗಿಲು ತೆಗೆಯದಿದ್ದರೆ ನಿಜವಾಗಿ ಹೆರಿಗೆಗೆ ಕರೆದವರಾಗಿದ್ದರೆ ಏನು ಗತಿ? ತೆಗೆದರೆ ತನ್ನ ಗತಿ ಏನು? ಈ ಪ್ರಶ್ನೆಗೆ ಯಾವ ತರಬೇತಿ ಶಾಲೆಯ ಪಠ್ಯದಲ್ಲಿ ಉತ್ತರ ಇದೆ? ಮೇಲಿನವರಿಗೆ ಹೇಳಿಕೊಂಡರೆ "ಹೊಂದಿಕೊಂಡು ಹೋಗಬೇಕಮ್ಮ" ಎಂಬ ಉತ್ತರ ಬಂತು. ಐದನೆಯ ತಿಂಗಳು ತಾಲ್ಲೂಕು ಕೇಂದ್ರದಲ್ಲಿ ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡತೊಡಗಿದಳು. ಆಗ ಅದೇ ಊರಿನವರು "ಹನ್ನೊಂದಕ್ಕೆ ಬರ್ತಾಳೆ, ಮೂರರ ಬಸ್ಸಿಗೆ ಹೋಗ್ತಾಳೆ, ಸಂಬಳ ಮಾತ್ರ ಪೂರ್ತಿ" ಎಂದು ಅರ್ಜಿ ಬರೆದರು. ಅರ್ಜಿಗೆ ಸಹಿ ಹಾಕಿದವರಲ್ಲಿ ಬಾಡಿಗೆಗೆ ಮನೆ ಇಲ್ಲ ಎಂದವರೂ ಇದ್ದರು.

ಆ ಊರಿನ ಪರಿಸ್ಥಿತಿ ಬದಲಾದದ್ದು ಎರಡು ವರ್ಷ ಕಳೆದ ಮೇಲೆ, ಅದೂ ಒಂದು ಸ್ತ್ರೀಶಕ್ತಿ ಗುಂಪಿನಿಂದ. ಒಬ್ಬ ಬಾಣಂತಿ ರಾತ್ರಿ ರಕ್ತ ಹೋಗಿ ಸತ್ತಾಗ ಹೆಂಗಸರು ಮೊದಲು ನರ್ಸಮ್ಮನ ಮೇಲೆ ಕೂಗಾಡಿದರು. ಆಕೆ ಎದ್ದು ನಿಂತು ಚಿಲಕದ ಕಥೆ, ಬಾಡಿಗೆ ಮನೆಯ ಕಥೆ ಎಲ್ಲವನ್ನೂ ಹೇಳಿದಳು. ಸಭೆ ಸುಮ್ಮನಾಯಿತು. ಆ ಗುಂಪಿನ ಒಬ್ಬ ವಿಧವೆ ತನ್ನ ಮನೆಯ ಮುಂದಿನ ಕೋಣೆ ಕೊಟ್ಟಳು. ಜಾತಿಯ ಮಾತು ಎತ್ತಿದ ಮೈದುನನಿಗೆ, "ನನ್ನ ಸೊಸೆಯ ಹೆರಿಗೆಗೆ ನೀನು ಬರ್ತೀಯಾ?" ಎಂದಳಂತೆ. ರಾತ್ರಿ ಕರೆ ಬಂದರೆ ಗುಂಪಿನ ಇಬ್ಬರು ಜೊತೆಗೆ ಹೋಗಬೇಕು ಎಂದು ಸರದಿ ಮಾಡಿದರು. ಗಂಡಸರೊಬ್ಬರೇ ಬಂದು ಕರೆದರೆ ಹೋಗಕೂಡದು, ಮನೆಯ ಹೆಂಗಸೂ ಬರಬೇಕು ಎಂದು ಊರಿಗೇ ಹೇಳಿದರು. ಖರ್ಚಾದದ್ದು ಎಷ್ಟು? ಎರಡು ಟಾರ್ಚು, ಒಂದು ಬೀಗ. ಆ ಹುಡುಗಿ ಆ ಊರಿನಲ್ಲಿ ಆರು ವರ್ಷ ಇದ್ದಳು.

ಆಮೇಲೆ ಯಾಕೆ ಹೋದಳು ಎಂದು ಕೇಳಿದಿರಾ? ಮದುವೆಯಾಯಿತು. ಇದು ನಮ್ಮ ಪತ್ರಿಕೆಗೆ ಸೇರಿದ ವಿಷಯ. ಸರ್ಕಾರಿ ಸಂಬಳದ ಹುಡುಗಿ ಎಂದು ಹುಡುಕಿಕೊಂಡು ಬಂದವರು ವರದಕ್ಷಿಣೆ ಬೇಡ ಎಂದರು. ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಮದುವೆಯಾದ ಮೇಲೆ ಗೊತ್ತಾಯಿತು, ವರದಕ್ಷಿಣೆ ಬೇಡ ಎಂದಿರಲಿಲ್ಲ, ತಿಂಗಳ ಕಂತಿನಲ್ಲಿ ಬೇಕು ಎಂದಿದ್ದರು. ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ. ರಾತ್ರಿ ಹೆರಿಗೆಗೆ ಹೋದರೆ "ಯಾರ ಜೊತೆ ಹೋಗಿದ್ದೆ?" ಎಂಬ ಅನುಮಾನ, ಹೊಡೆತ. ಕೊನೆಗೆ ಗಂಡನ ಊರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡರು. ಉಪಕೇಂದ್ರ ಮತ್ತೆ ಖಾಲಿ. ಇಲಾಖೆಯ ಕಡತದಲ್ಲಿ ಇದು "ಪತಿ-ಪತ್ನಿ ಪ್ರಕರಣ" ಎಂದು ದಾಖಲಾಗುತ್ತದೆ. ಊರಿಗೆ ಸೂಲಗಿತ್ತಿ ಇಲ್ಲದಂತೆ ಮಾಡಿದ್ದು ಒಂದು ಮನೆಯೊಳಗಿನ ಹಿಂಸೆ ಎಂದು ಯಾವ ಕಡತದಲ್ಲೂ ಬರೆಯುವುದಿಲ್ಲ. ಹೆಣ್ಣಿನ ಮೇಲೆ ಅನುಮಾನಪಡುವ ಸಮಾಜಕ್ಕೆ ರಾತ್ರಿ ಹೊರಗೆ ಹೋಗಿ ಕೆಲಸ ಮಾಡುವ ಸೂಲಗಿತ್ತಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಬೇರೆಯವರು ಏನು ಮಾಡಿದ್ದಾರೆ ಎಂದು ಸ್ವಲ್ಪ ನೋಡೋಣ. ನಮ್ಮ ಪಕ್ಕದ ಶ್ರೀಲಂಕಾ ದೊಡ್ಡ ಶ್ರೀಮಂತ ದೇಶವೇನಲ್ಲ. 1940ರ ದಶಕದ ಮಧ್ಯದಲ್ಲಿ ಅಲ್ಲಿ ಒಂದು ಲಕ್ಷ ಜನನಗಳಿಗೆ ಸಾವಿರಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಈಗ ಅದು ನಲವತ್ತಕ್ಕಿಂತ ಕೆಳಗಿದೆ. ಅಲ್ಲಿನ ಕಳುತರದಲ್ಲಿ 1926ರಲ್ಲಿ ಮೊದಲ ಆರೋಗ್ಯ ಘಟಕ ತೆರೆದು, ಪ್ರತಿ ಪ್ರದೇಶಕ್ಕೆ ಒಬ್ಬ ಸಾರ್ವಜನಿಕ ಆರೋಗ್ಯ ಸೂಲಗಿತ್ತಿ ಎಂಬ ಪದ್ಧತಿಯನ್ನು ಬೆಳೆಸಿದರು. ಮೂರು ನಾಲ್ಕು ಸಾವಿರ ಜನಕ್ಕೆ ಒಬ್ಬಳು. ಒಂದೂವರೆ ವರ್ಷದ ತರಬೇತಿ, ಕಲಿಯುವಾಗಲೇ ಭತ್ಯೆ. ಕೆಲಸ ಮಾಡುವ ಪ್ರದೇಶದಲ್ಲೇ ವಾಸ. ಮೊದಮೊದಲು ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಆಮೇಲೆ ಹೆರಿಗೆಗಳು ಆಸ್ಪತ್ರೆಗೆ ಹೋದವು, ಆದರೆ ಸೂಲಗಿತ್ತಿಯನ್ನು ಅವರು ಊರಿನಿಂದ ಎಬ್ಬಿಸಲಿಲ್ಲ. ಬಸುರಿಯ ಮನೆಗೆ, ಬಾಣಂತಿಯ ಮನೆಗೆ ಅವಳು ಈಗಲೂ ಹೋಗುತ್ತಾಳೆ.

ನನಗೆ ಮುಖ್ಯ ಎನಿಸಿದ್ದು ಇನ್ನೊಂದು. ಅಲ್ಲಿನ ಸೂಲಗಿತ್ತಿ ಒಂಟಿ ಅಲ್ಲ. ಅವಳ ಮೇಲೆ ನರ್ಸಿಂಗ್ ಸಿಸ್ಟರ್, ಅವರ ಮೇಲೆ ಆ ಪ್ರದೇಶದ ವೈದ್ಯಾಧಿಕಾರಿ, ಹತ್ತಿರದಲ್ಲಿ ದುಡ್ಡು ಕೇಳದ ಆಸ್ಪತ್ರೆ. ಅವಳು ಕಳಿಸಿದ ತಾಯಿಯನ್ನು ಅಲ್ಲಿ ತಳ್ಳಿ ಕಳಿಸುವುದಿಲ್ಲ. ನಮ್ಮಲ್ಲಿ ನರ್ಸಮ್ಮ ಮಧ್ಯರಾತ್ರಿ ಕರೆದುಕೊಂಡು ಹೋದ ಬಸುರಿಯನ್ನು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಇನ್ನೆಲ್ಲಿಗೋ ಬರೆದುಕೊಟ್ಟರೆ ಊರಿನಲ್ಲಿ ಮರ್ಯಾದೆ ಕಳೆದುಕೊಳ್ಳುವವಳು ನರ್ಸಮ್ಮ. ಅವಮಾನ ತಿಂದವಳು ವರ್ಗಾವಣೆ ಕೇಳುತ್ತಾಳೆ.

ಇನ್ನೊಂದು ದೇಶ ಅಫ್ಘಾನಿಸ್ತಾನ. 2002ರಲ್ಲಿ ಅಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದು ಲಕ್ಷ ಜನನಗಳಿಗೆ 1,600 ತಾಯಂದಿರ ಸಾವು ಎಂದು ಕಂಡಿತ್ತು. ಇಡೀ ದೇಶಕ್ಕೆ ಐನೂರು ಮಂದಿ ಸೂಲಗಿತ್ತಿಯರೂ ಇರಲಿಲ್ಲ. ಅಲ್ಲಿ ಆಮೇಲೆ ಸಮುದಾಯ ಸೂಲಗಿತ್ತಿ ಶಾಲೆಗಳನ್ನು ತೆರೆದರು. ಊರವರೇ ಹುಡುಗಿಯನ್ನು ಆರಿಸಬೇಕು, ಓದು ಮುಗಿಸಿ ಬಂದು ಇಲ್ಲೇ ಕೆಲಸ ಮಾಡಲು ಬಿಡುತ್ತೇವೆ ಎಂದು ಮನೆಯವರು ಮೊದಲೇ ಒಪ್ಪಬೇಕು. ಗಂಡನ, ಮಾವನ ಒಪ್ಪಿಗೆ ಯಾಕೆ ಬೇಕು ಎಂದು ನಮಗೆ ಕೋಪ ಬರಬಹುದು, ನನಗೂ ಬಂತು. ಆದರೆ ಅವರು ಒಂದು ಸತ್ಯ ಗುರುತಿಸಿದ್ದರು. ಒಪ್ಪಂದ ಹುಡುಗಿಯ ಜೊತೆ ಮಾತ್ರ ಮಾಡಿಕೊಂಡರೆ ಸಾಲದು, ಅವಳನ್ನು ತಡೆಯುವ ಶಕ್ತಿ ಇರುವವರನ್ನೂ ಕಟ್ಟಿಹಾಕಬೇಕು. ಕೆಲವೇ ವರ್ಷಗಳಲ್ಲಿ ಸಾವಿರಾರು ಸೂಲಗಿತ್ತಿಯರು ತಯಾರಾದರು. 2024ರ ಡಿಸೆಂಬರಿನಲ್ಲಿ ತಾಲಿಬಾನ್ ಆಡಳಿತ ಹೆಣ್ಣುಮಕ್ಕಳು ನರ್ಸಿಂಗ್, ಸೂಲಗಿತ್ತಿ ವಿದ್ಯೆ ಕಲಿಯುವುದನ್ನೂ ನಿಲ್ಲಿಸಿತು. ಹೆಣ್ಣಿಗೆ ಗಂಡು ವೈದ್ಯ ಮುಟ್ಟಕೂಡದು ಎನ್ನುವವರೇ ಹೆಣ್ಣು ವೈದ್ಯವಿದ್ಯೆ ಕಲಿಯಕೂಡದು ಎಂದರು.

ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ಸೂಲಗಿತ್ತಿ ಸೇವೆಯ ಹೊಸ ಮಾರ್ಗಸೂಚಿ ತಂದಿದೆ. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳು ಹೆಚ್ಚಿನ ತರಬೇತಿ ಕೊಟ್ಟು, ಸಹಜ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವಂತೆ ಮಾಡುವ ಯೋಜನೆ. ಒಳ್ಳೆಯದು, ಬರಲಿ. ಆದರೆ ಅವರನ್ನು ಮೊದಲು ಹಾಕುವುದು ಹೆಚ್ಚು ಹೆರಿಗೆ ಆಗುವ ದೊಡ್ಡ ಆಸ್ಪತ್ರೆಗಳಿಗೆ. ಘಟ್ಟದ ಕೆಳಗಿನ ಊರಿಗೆ, ಗಡಿ ತಾಲ್ಲೂಕಿನ ತಾಂಡಾಕ್ಕೆ ಅವರು ಬರುವ ಹೊತ್ತಿಗೆ ಇನ್ನೆಷ್ಟು ವರ್ಷವೋ. ಅಲ್ಲಿಯವರೆಗೆ ನಮ್ಮ ನರ್ಸಮ್ಮನೇ ನಮಗೆ ಗತಿ.

ಹಾಗಾದರೆ ಊರಿನಿಂದ ಯಾರನ್ನು ಕಲಿಯಲು ಕಳಿಸಬೇಕು? ಪಿ.ಯು.ಸಿ. ಆದ, ಹದಿನೇಳರಿಂದ ಮೂವತ್ತೈದು ವರ್ಷದೊಳಗಿನ ಹೆಂಗಸರು ಎ.ಎನ್.ಎಂ. ಕೋರ್ಸಿಗೆ ಸೇರಬಹುದು, ಕಲಾ ವಿಭಾಗದಲ್ಲಿ ಓದಿದ್ದರೂ ಆಗುತ್ತದೆ. ನಾವು ಸಾಮಾನ್ಯವಾಗಿ ಮದುವೆಯಾಗದ ಮಗಳನ್ನು ಕಳಿಸುತ್ತೇವೆ. ಮಗಳು ಕಲಿತು ಗಂಡನ ಊರಿಗೆ ಹೋಗುತ್ತಾಳೆ. ಆಶಾ ಕಾರ್ಯಕರ್ತೆಯನ್ನು ಆರಿಸುವಾಗ ಮದುವೆಯಾದವಳು, ವಿಧವೆ ಅಥವಾ ಗಂಡನಿಂದ ಬೇರೆಯಾದವಳು ಇರಬೇಕು ಎಂದು ನಿಯಮ ಮಾಡಿದ್ದು ಇದೇ ಕಾರಣಕ್ಕೆ. ನನ್ನ ಸಲಹೆ ಇಷ್ಟೆ: ನಿಮ್ಮ ಊರಿನ ಸೊಸೆಯರನ್ನು ನೋಡಿ. ಪಿ.ಯು.ಸಿ. ಓದಿ ಒಲೆ ಮುಂದೆ ಕೂತವರು ಎಷ್ಟು ಜನ ಇಲ್ಲ! ಗಂಡ ಬಿಟ್ಟು ತವರಿಗೆ ಬಂದ ಹೆಣ್ಣುಮಕ್ಕಳನ್ನು ನೋಡಿ. ಹೊಡೆತ ತಿಂದು ಹೊರಬಂದವಳಿಗೆ ಒಂದು ವಿದ್ಯೆ, ಒಂದು ಸಂಬಳ ಸಿಗುತ್ತದೆ, ಊರಿಗೆ ಬಿಟ್ಟುಹೋಗದ ಸೂಲಗಿತ್ತಿ ಸಿಗುತ್ತಾಳೆ. ಹೊಲಿಗೆ ಯಂತ್ರಕ್ಕೆ, ಹಸುವಿಗೆ ಸಾಲ ಕೊಡುವ ಗುಂಪು ಈ ಓದಿಗೆ ಯಾಕೆ ಸಾಲ ಕೊಡಬಾರದು? ಸರ್ಕಾರಿ ಕೆಲಸ ಸಿಕ್ಕೇ ಸಿಗುತ್ತದೆ, ನಿಮ್ಮ ಊರಿಗೇ ಹಾಕುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಅದಕ್ಕೆ ಒಕ್ಕೂಟವೇ ಒತ್ತಾಯ ಮಾಡಬೇಕು. ಸ್ಥಳೀಯರಿಗೆ ಆದ್ಯತೆ ಕೊಡಿ ಎಂದು ಕೇಳುವುದು ಭಿಕ್ಷೆಯಲ್ಲ.

ಬಸುರಿಯರ ಮೇಲಿನ ಹಿಂಸೆಗೆ ಬರುತ್ತೇನೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳು ಸೀಮಂತ ಮುಗಿಸಿ ಹುಡುಗಿ ಹೊರಡುತ್ತಾಳೆ. ಆರು ತಿಂಗಳು ನೋಡಿದ ಗಂಡನ ಊರಿನ ನರ್ಸಮ್ಮನಿಗೆ ಮುಂದಿನದು ಗೊತ್ತಾಗುವುದಿಲ್ಲ, ತವರಿನ ನರ್ಸಮ್ಮನಿಗೆ ಹಿಂದಿನದು ಗೊತ್ತಿರುವುದಿಲ್ಲ. ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ. ಇರುತ್ತದೆ, ಹೊಡೆತ ಇರುವುದಿಲ್ಲ. ಹೆರಿಗೆ ಎನ್ನುವುದು ವರದಕ್ಷಿಣೆಯ ಎರಡನೆಯ ಕಂತು ಕೂಡ. ಬಾಣಂತನದ ಖರ್ಚು, ಮಗುವಿಗೆ ಚಿನ್ನ, ತೊಟ್ಟಿಲು, ನಾಮಕರಣದಲ್ಲಿ ಬೀಗರಿಗೆ ಬಟ್ಟೆ. ಕೊಡದಿದ್ದರೆ ಮಗು ಎತ್ತಿಕೊಂಡ ಮಗಳು ತವರಿನಲ್ಲೇ ಉಳಿಯುತ್ತಾಳೆ, ಹೆಣ್ಣು ಹೆತ್ತಿದ್ದರಂತೂ ಕೇಳುವುದೇ ಬೇಡ. ಬಾಣಂತಿಯನ್ನು ನೋಡಲು ಬಂದವಳಿಗೆ ಇದು ಮೊದಲು ತಿಳಿಯುತ್ತದೆ.

ನಿಮಗೆ ಗೊತ್ತಿಲ್ಲದಿರಬಹುದಾದ ಒಂದು ವಿಚಾರ. ಬಸುರಿ ರಕ್ತ ಹೋಗಿ ಸತ್ತರೆ ತಾಯಿ ಮರಣದ ಲೆಕ್ಕಕ್ಕೆ ಬರುತ್ತಾಳೆ. ಅದೇ ಬಸುರಿಯನ್ನು ಬೆಂಕಿ ಹಚ್ಚಿ ಕೊಂದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಬಸಿರಿಗೆ ಸಂಬಂಧವಿಲ್ಲದ, ಆಕಸ್ಮಿಕ ಕಾರಣಗಳನ್ನು ಬಿಟ್ಟು ಎಣಿಸಬೇಕು ಎಂಬುದು ಜಾಗತಿಕ ನಿಯಮ. ಆರೋಗ್ಯ ಇಲಾಖೆಗೆ ಅದು ಪೊಲೀಸರ ಕೇಸು, ಪೊಲೀಸರ ಮುಂದೆ ಅದು ಎಷ್ಟೋ ಸಲ ಸ್ಟೌ ಸಿಡಿದ ಕೇಸು. ಎರಡು ಇಲಾಖೆಗಳ ನಡುವೆ ಆ ಹೆಣ್ಣು ಕಾಣೆಯಾಗುತ್ತಾಳೆ. ಮೂರನೆಯ ತಿಂಗಳಲ್ಲೇ ಅವಳ ತೋಳಿನ ಗುರುತು ನೋಡಿದ ನರ್ಸಮ್ಮ ಇದ್ದರೆ, ಆ ನರ್ಸಮ್ಮನಿಗೆ ಊರಿನಲ್ಲಿ ಆಸರೆ ಇದ್ದರೆ, ಏನಾದರೂ ಮಾಡುವುದಕ್ಕೆ ಆರು ತಿಂಗಳು ಸಮಯ ಇರುತ್ತಿತ್ತು.

ಕಾನೂನು ಅವಳ ಕಡೆ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂಗನವಾಡಿಯವರಿಗೆಲ್ಲ ಅವರ ಕಚೇರಿ ಗೊತ್ತು. ಚಿಕಿತ್ಸೆ ಕೇಳಿ ಬಂದ ಪೀಡಿತೆಗೆ ಆಸ್ಪತ್ರೆಯವರು ಇಲ್ಲ ಎನ್ನುವಂತಿಲ್ಲ. ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ ಆಗಿದೆ, ರದ್ದಾಗಿಲ್ಲ. ರದ್ದಾಯಿತಂತೆ ಎಂದು ಹೆದರಿಸುವವರಿಗೆ ಹೇಳಿ. ಫೋನು ಮಾಡುವುದಾದರೆ 181. ಆದರೆ ನರ್ಸಮ್ಮ ಒಬ್ಬಳೇ ದೂರು ಕೊಡಲಿ ಎಂದು ನಿರೀಕ್ಷಿಸಬೇಡಿ. ದೂರು ಕೊಟ್ಟ ಮೇಲೂ ಅವಳು ಅದೇ ಬೀದಿಯಲ್ಲಿ ರಾತ್ರಿ ನಡೆಯಬೇಕು. ಅವಳು ನಿಮ್ಮ ಕಿವಿಯಲ್ಲಿ ಹೇಳಲಿ, ಅದೂ ಆ ಹೆಣ್ಣಿನ ಒಪ್ಪಿಗೆ ಕೇಳಿಕೊಂಡು. ಅರ್ಜಿ ಗುಂಪಿನ ಹೆಸರಿನಲ್ಲಿ ಹೋಗಲಿ.

ಮುಂದಿನ ವಾರದ ಸಭೆ ನಿಮ್ಮ ಉಪಕೇಂದ್ರದಲ್ಲೇ ಮಾಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ದೀಪ, ನೀರು, ಕಕ್ಕಸು ಇದೆಯೇ ನೋಡಿ. ಹೆರಿಗೆಯ ಇಂಜೆಕ್ಷನ್ ಇಡುವ ತಂಪು ಪೆಟ್ಟಿಗೆ ಇದೆಯೇ ಕೇಳಿ, ಆ ಔಷಧಿ ಬಿಸಿಲಿಗೆ ಕೆಡುತ್ತದೆ. ನರ್ಸಮ್ಮ ಎಲ್ಲಿ ಮಲಗುತ್ತಾಳೆ ಎಂದು ಅವಳನ್ನೇ ಕೇಳಿ, ಬೈಯುವ ದನಿಯಲ್ಲಿ ಬೇಡ. ಗ್ರಾಮ ಆರೋಗ್ಯ ಸಮಿತಿಗೆ ಬರುವ ದುಡ್ಡಿನ ಲೆಕ್ಕವನ್ನು ಪಂಚಾಯಿತಿಯಲ್ಲಿ ಕೇಳಿ, ಚಿಲಕ ಹಾಕಿಸುವುದಕ್ಕೆ ಅದು ಸಾಕು. ಹುದ್ದೆ ಖಾಲಿ ಇದ್ದರೆ ಎಷ್ಟು ತಿಂಗಳಿಂದ ಎಂದು ಬರೆದುಕೊಂಡು ಬನ್ನಿ. ಹತ್ತು ಊರಿನ ಪಟ್ಟಿ ಸೇರಿದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಹತ್ತಿರ ಹೋಗೋಣ, ನಾನೂ ಬರುತ್ತೇನೆ.

ಹಿಂದಿನ ಸಾಲಿನಲ್ಲಿ ಇಬ್ಬರು ನರ್ಸಮ್ಮಂದಿರು ಕೂತಿದ್ದಾರೆ. ನನ್ನನ್ನು ಪ್ರಶ್ನೆ ಕೇಳುವ ಮೊದಲು ಅವರು ಮಾತನಾಡಲಿ.